ನರ್ಸ್‌ಗಳು ಆ್ಯಪ್ ಯಾಕೆ ತೆರೆಯುವುದಿಲ್ಲ?

ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆಂದು ಆಸ್ಪತ್ರೆಗಳು ಆ್ಯಪ್ ಕೊಡುತ್ತವೆ, ಆಮೇಲೆ ನರ್ಸ್‌ಗಳು ಬಳಸುತ್ತಿಲ್ಲವಲ್ಲ ಎಂದು ಬೇಸರಪಡುತ್ತವೆ. ಡ್ಯೂಟಿ ಪಟ್ಟಿಯನ್ನೂ ವಾಟ್ಸ್‌ಆ್ಯಪ್‌ನಲ್ಲೇ ನೋಡುವವರಿಗೆ ಫೋನ್ ಹೊಸದೇನಲ್ಲ. ಅವರನ್ನು ತಡೆಯುವುದು ಲಾಗಿನ್ ಆಗಲು ಕೇಳುವ ಎಂಪ್ಲಾಯಿ ಐಡಿ. 'ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ' ಎಂದು ಒತ್ತಿದ ಉತ್ತರವನ್ನು ನಾಳೆ ಮೇಲಿನವರು ಓದಿದರೆ?

ಬೆಳಗಿನ ಜಾವ ವಾರ್ಡಿನಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಸಿಸ್ಟರ್ ಟ್ಯೂಬು, ಸೂಜಿ ತೆಗೆದು, ಮೈ ಒರೆಸಿ, ಮೂಗಿಗೆ ಹತ್ತಿ ಇಟ್ಟು, ಮನೆಯವರ ಗೋಳಿಗೆ ಭುಜ ಕೊಟ್ಟು, ಅದೇ ಕೈ ತೊಳೆದುಕೊಂಡು ಪಕ್ಕದ ಬೆಡ್ಡಿನವರ ಶುಗರ್ ನೋಡಲು ಹೋಗಬೇಕು. ಸಿಸ್ಟರ್‌ನ ದುಃಖಕ್ಕೆ ಆ ಪಾಳಿಯಲ್ಲಿ ಎಲ್ಲೂ ಜಾಗವಿಲ್ಲ. ಪಾಳಿ ಮುಗಿಸಿ ಮನೆಗೆ ಹೋದರೆ ಮಕ್ಕಳ ಟಿಫಿನ್ ಬಾಕ್ಸ್. ಆಗ ಫೋನು 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಕೆಲಸದ ಜಾಗದಿಂದ ಹೊರಗಿನ ನೆರವು ಬೇಕೆನಿಸಿದವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿಯವರಿಗೆ ಇದನ್ನು ದಯವಿಟ್ಟು ತಿಳಿಸಿ.

ಆಸ್ಪತ್ರೆಯವರಲ್ಲಿ ನನ್ನ ಕೋರಿಕೆ ಇಷ್ಟು: ಆ್ಯಪ್‌ನ ಉತ್ತರಗಳು ಆಡಳಿತದ ಕೈಗೆ ಸಿಗುವುದಿಲ್ಲ ಎಂದು ಬರೆದುಕೊಡಿ. ಸತತ ನೈಟ್‌ಗಳ ನಂತರದ ರಜೆಯ ದಿನ ಫೋನ್ ಮಾಡಿ ಕರೆಸಿಕೊಳ್ಳಬೇಡಿ.