ಬೆನ್ನು ನೆಲಕ್ಕೆ ತಾಗಿದ ಮೇಲೆ

ನಮ್ಮ ಮಟ್ಟಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಪಾಠ ಶುರುವಾಗುವುದೇ ಅಲ್ಲಿಂದ. ಈ ಕಲೆಯಲ್ಲಿ ನನಗೆ ತುಂಬ ಹಿಡಿಸಿದ್ದೂ ಅದೇ.

ಹೊಸಬರಿಗೆ ಮೊದಮೊದಲು ಕಲಿಸುವ ಪಟ್ಟುಗಳಲ್ಲಿ ಶ್ರಿಂಪ್ ಒಂದು. ಅಂಗಾತ ಮಲಗಿ, ಒಂದು ಪಾದ ಊರಿ, ಮೈಯನ್ನು ಪಕ್ಕಕ್ಕೆ ಹೊರಳಿಸುತ್ತಾ ಸೊಂಟವನ್ನು ಹಿಂದಕ್ಕೆ ಜಾರಿಸುವುದು. ನೋಡಲು ಏನೂ ಅಲ್ಲ. ಆದರೆ ಭಾರೀ ಆಳು ಎದೆಯ ಮೇಲೆ ಕೂತಾಗ ಕೈಚಾಚಿ ಅವನನ್ನು ತಳ್ಳಲು ಹೋದಿರೋ, ಆ ಕೈಯೇ ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಪಟ್ಟಿಗೆ ಸಿಗುತ್ತದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಇರಬೇಕು. ಅವನನ್ನು ಸರಿಸಲು ಹೆಣಗುವ ಬದಲು ನೀವೇ ಸರಿಯಬೇಕು. ಸಿಕ್ಕಿದ ಸಂದಿಯಲ್ಲಿ ಮೊಣಕಾಲು ತೂರಿಸಿ, ಕಾಲುಗಳ ನಡುವೆ ಅವನನ್ನು ಹಿಡಿದರೆ ಗಾರ್ಡ್. ಕೆಳಗಿದ್ದವರು ಈಗ ದಾಳಿ ಮಾಡಬಹುದು!

1914ರಲ್ಲಿ ಬ್ರೆಜಿಲ್‌ಗೆ ಬಂದ ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ ತಂದ ವಿದ್ಯೆಯನ್ನು ಅಲ್ಲಿನ ಗ್ರೇಸಿ ಕುಟುಂಬ ಈ ಕಲೆಯಾಗಿ ಬೆಳೆಸಿತು. ಬೇರೆ ಬೇರೆ ಶೈಲಿಯ ಪಟುಗಳು ಸೆಣಸಿದ 1993ರ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಸಣಕಲು ಮೈಕಟ್ಟಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಶರಣಾಗಿಸಿದ್ದು ಇದರ ಬಲದಿಂದಲೇ.

ಹೊಸದಾಗಿ ಸೇರುವವರಿಗೆ ಒಂದು ಮಾತು, ದಯವಿಟ್ಟು ಕೇಳಿ: ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ಹಿಂಜರಿಯಬೇಡಿ, ಬೇಗ ಮಾಡಿ. ಕತ್ತಿನ ಪಟ್ಟು ಸರಿಯಾಗಿ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಇನ್ನೂ ಅಪಾಯ. ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರಬಹುದು. ಬಿಳಿ ಬೆಲ್ಟಿನ ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.