ಚಾಚಿಯ ಗಂಟು

2009ರ ರಂಜಾನ್ ಈದ್ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಬರಗಾಲಕ್ಕೆ ಒಗ್ಗಿಹೋಗಿದ್ದ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಅಳವಂಡಿ ಸೀಮೆಯಲ್ಲಿ ಹಳ್ಳದ ನೀರಿಗಿಂತ ತಲೆಯ ಮೇಲಿನ ಮಾಳಿಗೆಯೇ ಹೆಚ್ಚು ಹೆದರಿಸಿತು. ಮಣ್ಣು ನೀರು ಕುಡಿದು ಭಾರವಾಗಿ ಜಂತಿ ಮುರಿಯುವ ಸದ್ದು ಕೇಳಿದವರಿಗೇ ಗೊತ್ತು.

ಚಾಚಿಯ ಮನೆಯ ಹಿಂದಿನ ಗೋಡೆ ನಡುರಾತ್ರಿ ಬಿತ್ತು. ಒಂದು ಆಡು ಸತ್ತಿತು, ಮನುಷ್ಯರು ಉಳಿದರು. ಪರಿಹಾರದ ಅರ್ಜಿ ಬರೆಯಲು ನಾನು ಕುಳಿತೆ. ಗೋಡೆ ಇಷ್ಟು ಅಡಿ, ನೆನೆದ ಜೋಳ ಇಷ್ಟು ಚೀಲ. ಚಾಚಿ ನಡುವೆ ಬಾಯಿ ಹಾಕಿ, "ಬೇಟಾ, ರಾತ್‌ಕೊ ನೀಂದ್ ನೈ ಆರೀ, ಓ ಭೀ ಲಿಖ್" ಅಂದಳು. ನಿದ್ದೆ ಬಾರದ್ದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ ಚಾಚಿ, ಎಂದು ನಕ್ಕುಬಿಟ್ಟೆ. ಕಥೆ ಬರೆಯುವ ಹುಚ್ಚು ಹಿಡಿದಿದ್ದ ದಿನಗಳವು. ಕಥೆ ಎದುರಿಗೇ ಕುಳಿತಿತ್ತು.

ದುಡ್ಡು ಬಂತು, ಗೋಡೆ ಎದ್ದಿತು. ಮರುವರ್ಷ ಗುಡುಗಿದರೆ ಸಾಕು, ಚಾಚಿ ರೇಶನ್ ಕಾರ್ಡು, ಕುರಾನು, ನಾಲ್ಕು ರೊಟ್ಟಿ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂಡುತ್ತಿದ್ದಳು. ಗಾಳಿ ಬಡಿದಿದೆ ಅಂದರು. ದರ್ಗಾಕ್ಕೆ ಒಯ್ದು ತಾಯತ ಕಟ್ಟಿಸಿದರು. ತಾಯತವನ್ನು ಹಂಗಿಸುವ ಓದಿದವರ ಸಾಲಿಗೆ ನಾನು ಸೇರಲಾರೆ. ಅವರು ಕರೆದುಕೊಂಡಾದರೂ ಹೋದರು. ಆದರೆ ನಿದ್ದೆ ಬರಲಿಲ್ಲ. ವೈದ್ಯರ ಹತ್ತಿರವೂ ಒಯ್ಯಬೇಕಿತ್ತು, ಅದು ನನ್ನ ಕೆಲಸವಾಗಿತ್ತು.

ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪದ ಬಳಿಕ ಊರಿನ ಸಾಮಾನ್ಯ ಕಾರ್ಯಕರ್ತರಿಗೂ ಸಂತ್ರಸ್ತರ ಮಾತು ಕೇಳುವ ತರಬೇತಿ ಕೊಟ್ಟರು. ಇದೆಲ್ಲ ನಾನು ಓದಿದ್ದು ತೀರ ತಡವಾಗಿ. 2022ರಿಂದ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆಯಾಗಿ, ಕನ್ನಡದಲ್ಲೇ ಕೇಳುವವರಿದ್ದಾರೆ. ಚಾಚಿಯ ಕಾಲಕ್ಕೆ ಅದಿರಲಿಲ್ಲ.

ಅವಳ ಪಾಲಿಗಿದ್ದದ್ದು ಎದುರುಮನೆಯ ಅಜ್ಜಿ. ಅವಳ ಮಾಳಿಗೆಯೂ ಅದೇ ರಾತ್ರಿ ಕುಸಿದಿತ್ತು. ಮಳೆ ಹಿಡಿದೊಡನೆ ಗೋಣಿತಾಟು ಹೊದ್ದು ಬಂದು, "ಬೀಬವ್ವ, ನನಗೂ ನಿದ್ದಿ ಬರವಲ್ದು, ಸರಿ ಅತ್ತಾಗ" ಎಂದು ಪಕ್ಕದಲ್ಲಿ ಕೂಡುತ್ತಿದ್ದಳು. ಎಲೆ ಅಡಿಕೆ ಮೆಲ್ಲುತ್ತ ಇಬ್ಬರೂ ಬಿದ್ದ ಗೋಡೆಯ ಕಥೆ ಹೇಳುತ್ತಿದ್ದರು. ಪ್ರತಿ ಸಲ ಅದೇ ಕಥೆ, ಅದೇ ಆಡು. ಯಾರೂ ಯಾರಿಗೂ "ಸಾಕು ಬಿಡು" ಅನ್ನಲಿಲ್ಲ.

ಮೂರನೆಯ ಮಳೆಗಾಲದಲ್ಲೂ ಚಾಚಿ ಗಂಟು ಕಟ್ಟಿದಳು. ಕಟ್ಟಿ, ತಲೆದಿಂಬಿನ ಪಕ್ಕಕ್ಕಿಟ್ಟು, ಮಲಗಿದಳು.