ಬ್ರೇಕಿಲ್ಲದ ಬೈಕು, ಪೆನ್ಸಿಲ್ ಹಿಡಿದ ಪ್ರೇಕ್ಷಕ

ಮ್ಯಾಂಚೆಸ್ಟರ್ ಎಂದೊಡನೆ ಫುಟ್‌ಬಾಲ್ ನೆನಪಾಗುವುದು ಸಹಜ. ಆದರೆ ಆ ನಗರದ ಗಾರ್ಟನ್ ಬಡಾವಣೆಯಲ್ಲಿ ಬೇಸಗೆಯ ಸಂಜೆ ಕೇಳಿಬರುವ ಸದ್ದು ಚೆಂಡಿನದಲ್ಲ, ಬೈಕಿನದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಸ್ಪೀಡ್‌ವೇ ಕ್ರೀಡಾಂಗಣ ಇರುವುದು ಇಲ್ಲಿಯೇ. ಬಾಗಿಲು ದಾಟಿದರೆ ಮೊದಲು ಮೂಗಿಗೆ ಬಡಿಯುವುದು ಮೆಥನಾಲ್ ಉರಿದ ವಾಸನೆ, ಆಮೇಲೆ ಕಣ್ಣಿಗೆ ಬೀಳುವುದು ಕಲ್ಲುಪುಡಿ ಹಾಸಿದ ಮೊಟ್ಟೆಯಾಕಾರದ ಪಥ. ಮೂರನೆಯದೊಂದು ಸಂಗತಿಯನ್ನು ಸ್ವಲ್ಪ ಗಮನಿಸಿ ನೋಡಬೇಕು: ಪ್ರೇಕ್ಷಕರಲ್ಲಿ ಬಹಳ ಜನರ ಕೈಯಲ್ಲಿ ಪೆನ್ಸಿಲ್ ಇರುತ್ತದೆ!

ಸ್ಪೀಡ್‌ವೇ ಬ್ರಿಟನ್ನಿಗೆ ಹೊಸ ಆಟವೇನಲ್ಲ. ಆಸ್ಟ್ರೇಲಿಯದಲ್ಲಿ ಬೇರೂರಿದ್ದ ಈ ಓಟ, ಲಂಡನ್ನಿನ ಅಂಚಿನ ಎಪ್ಪಿಂಗ್ ಅರಣ್ಯದ ಹೈ ಬೀಚ್ ಎಂಬಲ್ಲಿ 1928ರ ಫೆಬ್ರುವರಿ 19ರಂದು ಜನಸಾಗರವನ್ನೇ ಸೆಳೆಯಿತು. 1936ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನ ಅಂತಿಮ ಸುತ್ತು ವೆಂಬ್ಲಿಯಲ್ಲಿ ನಡೆಯಿತು. ಗಾರ್ಟನ್ನಿನ ತಂಡ ಬೆಲ್ ವ್ಯೂ ಏಸಸ್. ಅಲ್ಲೇ ಹತ್ತಿರ ಹಿಂದೆ ಬೆಲ್ ವ್ಯೂ ಎಂಬ ಹೆಸರಾಂತ ಮೃಗಾಲಯವೂ ವಿಹಾರೋದ್ಯಾನವೂ ಇದ್ದವು; ಅವು ಹೋಗಿ ಎಷ್ಟೋ ವರ್ಷಗಳಾದರೂ ಹೆಸರನ್ನು ಬೈಕುಗಳು ಉಳಿಸಿಕೊಂಡಿವೆ.

ಆಟದ ನಿಯಮ ಸರಳ. ಒಂದು ಓಟದಲ್ಲಿ ನಾಲ್ವರು ಸವಾರರು, ಎರಡೂ ತಂಡಗಳಿಂದ ಇಬ್ಬಿಬ್ಬರು. ಟೇಪು ಮೇಲೆದ್ದೊಡನೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಾಲ್ಕು ಸುತ್ತು. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಲೀಗ್ ಪಂದ್ಯವೆಂದರೆ ಇಂಥ 15 ಓಟಗಳು. ನಾಲ್ಕು ಸುತ್ತಿನ ದೂರ ಸುಮಾರು 1,400 ಮೀಟರ್ ಎಂದಿಟ್ಟುಕೊಳ್ಳಿ. ಅದನ್ನು ಒಂದು ನಿಮಿಷದಲ್ಲಿ ಮುಗಿಸುವವನ ಸರಾಸರಿ ವೇಗ ಗಂಟೆಗೆ 84 ಕಿ.ಮೀ. ಅದೂ ತಿರುವುಗಳೇ ಹೆಚ್ಚಾಗಿರುವ ಪಥದಲ್ಲಿ, 500 ಸಿ.ಸಿ. ಎಂಜಿನ್ನಿನ, ಬ್ರೇಕೇ ಇಲ್ಲದ ಬೈಕಿನ ಮೇಲೆ!

ಬ್ರೇಕ್ ಏಕಿಲ್ಲ? ಒತ್ತೊತ್ತಾಗಿ ಓಡುವಾಗ ಮುಂದಿನವನು ತಟ್ಟನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುವುದು ಖಂಡಿತ. ಹಾಗಾದರೆ ತಿರುಗುವುದು ಹೇಗೆ? ಸವಾರ ಬೈಕನ್ನು ಎಡಕ್ಕೆ ವಾಲಿಸಿ, ಎಂಜಿನ್ನಿನ ಬಲದಿಂದ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಿ ಹಿಡಿಯುತ್ತಾನೆ. ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲು ನೆಲವನ್ನು ಸವರುತ್ತಿರುತ್ತದೆ. ಜಾರುವ ಚಕ್ರದ ಘರ್ಷಣೆಯೇ ವೇಗವನ್ನು ಹದಕ್ಕೆ ತರುತ್ತದೆ. ಪಾಠದ ಪುಸ್ತಕದಲ್ಲಿ ಚಿತ್ರವಾಗಿ ಕುಳಿತಿರುವ ಘರ್ಷಣೆ ಇಲ್ಲಿ ಪ್ರೇಕ್ಷಕರ ಮುಖಕ್ಕೆ ಕಲ್ಲುಪುಡಿಯನ್ನೇ ಎರಚುತ್ತದೆ.

ಈಗ ಪೆನ್ಸಿಲಿನ ವಿಷಯಕ್ಕೆ ಬರೋಣ. ಟಿಕೆಟ್ಟಿನ ಜೊತೆಗೆ ಕೊಳ್ಳುವ ಕಾರ್ಯಕ್ರಮ ಪುಸ್ತಿಕೆಯಲ್ಲಿ ಹದಿನೈದೂ ಓಟಗಳ ಕೋಷ್ಟಕ ಇರುತ್ತದೆ. ಪ್ರತಿ ಓಟ ಮುಗಿದೊಡನೆ ಅಜ್ಜಂದಿರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ತಲೆ ತಗ್ಗಿಸಿ ಅಂಕ ತುಂಬುತ್ತಾರೆ. ಬಿದ್ದವನಿಗೆ ಒಂದು ಗುರುತು, ಎಂಜಿನ್ ಕೆಟ್ಟವನಿಗೆ ಇನ್ನೊಂದು, ಹೊರಹಾಕಲ್ಪಟ್ಟವನಿಗೆ ಮತ್ತೊಂದು. ತನ್ನ ಜೊತೆಗಾರನ ಹಿಂದೆಯೇ ಬಂದು ಎದುರಾಳಿಯನ್ನು ಹಿಂದಿಕ್ಕಿದವನಿಗೆ ಬೋನಸ್ ಅಂಕ. ಅದು ತಂಡದ ಮೊತ್ತಕ್ಕೆ ಸೇರದು, ಅವನ ಸರಾಸರಿಗೆ ಮಾತ್ರ ಸೇರುತ್ತದೆ. ಜೊತೆಗಾರನನ್ನು ಕಾಪಾಡಿದ್ದಕ್ಕೆ ಇದೊಂದು ಮೆಚ್ಚುಗೆ.

ಸರಾಸರಿಯ ಲೆಕ್ಕವೂ ಕಷ್ಟವಲ್ಲ. ಬೋನಸ್ ಸೇರಿ ಗಳಿಸಿದ ಅಂಕಗಳನ್ನು ನಾಲ್ಕರಿಂದ ಗುಣಿಸಿ, ಓಡಿದ ಓಟಗಳ ಸಂಖ್ಯೆಯಿಂದ ಭಾಗಿಸಬೇಕು. 28 ಓಟಗಳಲ್ಲಿ 49 ಅಂಕ ಪಡೆದವನ ಸರಾಸರಿ 7. ಎಲ್ಲ ಓಟಗಳನ್ನೂ ಗೆದ್ದವನಿಗೆ 12. ಇಷ್ಟಾದರೆ ಜಗಳಕ್ಕೆ ಜಾಗವೆಲ್ಲಿ ಎನ್ನಬೇಡಿ. ಜಗಳ ಶುರುವಾಗುವುದೇ ಇಲ್ಲಿಂದ.

“ಅವನ ಕಾಲ ಮುಗಿಯಿತು, ಸರಾಸರಿ ಇಳಿಯುತ್ತಲೇ ಇದೆ” ಎಂದು ಒಬ್ಬರು. “ಎರಡು ಸಲ ಎಂಜಿನ್ ಕೈಕೊಟ್ಟಿತು, ಅದೂ ಅವನ ತಪ್ಪೇ?” ಎಂದು ಪಕ್ಕದವರು. “ನೋಡಮ್ಮ, ಅವನು ಯಾವ ಗೇಟಿನಿಂದ ಹೊರಟ ಅನ್ನೋದನ್ನೂ ಬರೆದುಕೊ” ಎಂದು ಮಗಳಿಗೆ ಹೇಳಿಕೊಡುವ ತಂದೆ. ಈ ತಂದೆಯ ಮಾತಿನಲ್ಲಿ ಹುರುಳಿದೆ. ಒಳಗಿನ ಗೇಟಿನಿಂದ ಮೊದಲ ತಿರುವಿಗೆ ದಾರಿ ಹತ್ತಿರ. ಆದರೆ ಓಟಗಳು ನಡೆದಂತೆ ಚಕ್ರಗಳು ಕಲ್ಲುಪುಡಿಯನ್ನು ಹೊರಗಿನ ಬೇಲಿಯ ಕಡೆಗೆ ತಳ್ಳುತ್ತವೆ. ಅಲ್ಲಿ ಚಕ್ರಕ್ಕೆ ಹಿಡಿತ ಹೆಚ್ಚಿ, ದೂರದ ದಾರಿಯೇ ವೇಗದ ದಾರಿಯಾಗುವುದುಂಟು. ಟ್ರಾಕ್ಟರ್ ಬಂದು ಪಥವನ್ನು ಹದಮಾಡಿದರೆ, ನೀರು ಚಿಮುಕಿಸಿದರೆ ಮತ್ತೆ ಲೆಕ್ಕ ಬದಲು. ಹೀಗಾಗಿ ಕಾಗದದ ಮೇಲೆ ಒಂದೇ ಆಗಿರುವ ಎರಡು ‘2’ಗಳು ಪಥದ ಮೇಲೆ ಒಂದೇ ಅಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿದೆ. ಸ್ಪೀಡ್‌ವೇ ಅಭಿಮಾನಿಗಳು ಅದನ್ನು ತಿರುಗಿಸಿಯೂ ಪಾಲಿಸುತ್ತಾರೆ: ಪ್ರಮಾಣ ಕೈಯಲ್ಲಿದ್ದರೂ ಪ್ರತ್ಯಕ್ಷ ನೋಡು!

ಈ ವಾದಕ್ಕೆ ತೂಕ ಬರಲು ಇನ್ನೊಂದು ಕಾರಣವಿದೆ. ಋತುವಿನ ಆರಂಭದಲ್ಲಿ ತಂಡ ಕಟ್ಟುವಾಗ ಸವಾರರ ಸರಾಸರಿಗಳ ಮೊತ್ತ ಗೊತ್ತುಪಡಿಸಿದ ಮಿತಿಯನ್ನು ಮೀರುವಂತಿಲ್ಲ. ಹಣವುಳ್ಳ ತಂಡವೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಿರಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಫಲ ನೋಡಿ: ಒಬ್ಬ ಹುಡುಗ ವರ್ಷವಿಡೀ ಶ್ರಮಿಸಿ ತನ್ನ ಸರಾಸರಿಯನ್ನು 5ರಿಂದ 7ಕ್ಕೆ ಏರಿಸಿಕೊಂಡರೆ, ಮುಂದಿನ ವರ್ಷ ತನ್ನದೇ ತಂಡದ ಲೆಕ್ಕಕ್ಕೆ ಹೊಂದದೆ ಜಾಗ ಕಳೆದುಕೊಳ್ಳಬಹುದು. ಗಾಯದಿಂದ ನರಳಿ ಸರಾಸರಿ ಇಳಿದವನು, ಲೆಕ್ಕಕ್ಕೆ ‘ಅಗ್ಗ’ವಾಗಿ ಸಿಕ್ಕಿದನೆಂದು ಬೇಡಿಕೆ ಪಡೆಯಬಹುದು. ಆಗ ಕೇಳುವ ಪ್ರಶ್ನೆ ‘ಇವನ ಅಂಕ ಎಷ್ಟು?’ ಎಂಬುದಲ್ಲ, ‘ಇವನು ಈ ಅಂಕಕ್ಕಿಂತ ಮೇಲೋ ಕೆಳಗೋ?’ ಎಂಬುದು. ಅಂಕಪಟ್ಟಿ ಹಿಡಿದು ಮಕ್ಕಳನ್ನು ಅಳೆಯುವ ಮನೆಗಳಿಗೂ ಈ ಪ್ರಶ್ನೆ ಹೊಸದಾಗಿರಲಿಕ್ಕಿಲ್ಲ.

ಅಂಕಕ್ಕೆ ಸಿಗದ ಬೆಲೆಗೆ ಬೆಲ್ ವ್ಯೂ ಬಳಿ ಒಂದು ದೊಡ್ಡ ಉದಾಹರಣೆಯಿದೆ. ಆ ತಂಡದ ಪೀಟರ್ ಕ್ರೇವನ್ 1955 ಮತ್ತು 1962ರಲ್ಲಿ ವಿಶ್ವ ಚಾಂಪಿಯನ್. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದ ಓಟವೊಂದರಲ್ಲಿ, ಬಿದ್ದಿದ್ದ ಇನ್ನೊಬ್ಬ ಸವಾರನಿಗೆ ತಾಗದಿರಲೆಂದು ಬೈಕನ್ನು ತಿರುಗಿಸಲು ಹೋಗಿ ತಾನೇ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಓಟದ ಕೋಷ್ಟಕದಲ್ಲಿ ಅವರ ಹೆಸರಿನ ಮುಂದೆ ಅಂಕವಿಲ್ಲ. ಅವರ ಹೆಸರಿನ ಸ್ಮಾರಕ ಪಂದ್ಯವನ್ನು ಮಾತ್ರ ಬೆಲ್ ವ್ಯೂ ಮರೆತಿಲ್ಲ.

2022ರಲ್ಲಿ ಏಸಸ್ ತಂಡ ಲೀಗ್ ಪ್ರಶಸ್ತಿ ಗೆದ್ದಿತು, 1993ರ ನಂತರ ಮೊದಲ ಸಲ. ಎಲ್ಲ ಊರಿಗೂ ಇಂಥ ಭಾಗ್ಯವಿಲ್ಲ. ಕೊವೆಂಟ್ರಿಯ ಬ್ರ್ಯಾಂಡನ್ ಕ್ರೀಡಾಂಗಣದಲ್ಲಿ 2016ರ ಋತುವೇ ಕೊನೆಯದಾಯಿತು. ವುಲ್ವರ್‌ಹ್ಯಾಂಪ್ಟನ್ ಮತ್ತು ಪೀಟರ್‌ಬರೋ ಪಥಗಳಲ್ಲಿ 2023ರಲ್ಲಿ ಬೈಕುಗಳ ಸದ್ದು ನಿಂತಿತು. ಪಥ ಮುಚ್ಚಿದರೂ ಅಂಕಗಳು ಪುಸ್ತಿಕೆಗಳಲ್ಲಿ ಉಳಿಯುತ್ತವೆ. ಆದರೆ ಆ ಅಂಕ ಬಂದದ್ದು ಯಾವ ಗೇಟಿನಿಂದ, ಯಾವ ತಿರುವಿನಲ್ಲಿ, ಯಾರನ್ನು ಕಾಪಾಡುತ್ತ ಎಂಬುದನ್ನು ಹೇಳಬಲ್ಲವರು ಬೇಲಿಯ ಪಕ್ಕ ನಿಂತು ನೋಡಿದವರು ಮಾತ್ರ. ಗಾರ್ಟನ್ನಿನ ತಂದೆ ಮಗಳಿಗೆ ಕಲಿಸುತ್ತಿರುವುದು ಬರೀ ಭಾಗಾಕಾರವನ್ನಲ್ಲ.